ಸತ್ತಿಯ ಮನೆಯಲ್ಲೊಂದು ಗೊಂಜಾಳ ಹಾವು

ಆ ಬೆಳಿಗ್ಗೆ ಕರು ಹಾಕಲಾರದೆ ಒದ್ದಾಡುತ್ತಿದ್ದ ಜರ್ಸಿ ಆಕಳೊಂದರ ಕೆಲಸ ಮುಗಿಸಿ, ನಮ್ಮ ಪಶು ಆಸ್ಪತ್ರೆಯ ಹಿಂದಿನ ನಳದಲ್ಲಿ ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದೆ. ಕರು ಬದುಕಿರಲಿಲ್ಲ. ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಸರದಿಯಲ್ಲಿದ್ದ ಎಮ್ಮೆ ಮೇಕೆಗಳಿಂದ ದೂರ, ಬೇವಿನ ಗಿಡದ ಬುಡದಲ್ಲಿ ಒಬ್ಬರೇ ನಿಂತಿದ್ದರು. ಎಲ್ಲರೂ ಹೋಗುವವರೆಗೆ ಕಾದು ಒಳಗೆ ಬಂದು, ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಒಳಗೆ ಹಾವಿನ ಮರಿ ಇತ್ತು. ಪೆನ್ಸಿಲ್ಲಿನಷ್ಟು ದಪ್ಪ, ಕಿತ್ತಳೆ ಮೈ, ಬೆನ್ನ ಮೇಲೆ ಇಟ್ಟಂಗಿ ಬಣ್ಣದ ಪಟ್ಟೆಗಳು. ಆದರೆ ಬಣ್ಣವೆಲ್ಲ ಬೂದಿ ಉದುರಿಸಿದಂತೆ ಮಂಕಾಗಿತ್ತು. ಕಣ್ಣುಗಳ ಮೇಲೆ ನೀಲಿ ಬೆರೆತ ಹಾಲಿನಂಥ ಪೊರೆ ಕವಿದಿತ್ತು.

"ಮಗ ಅಲ್ಲಿ ಕಣ್ಣ ತೆರೀವಲ್ಲ, ಇಲ್ಲಿ ಇದರ ಕಣ್ಣೂ ಬೆಳ್ಳಗಾಗ್ಯಾವ್ರಿ ಬಾಯಾರ," ಎಂದರು.

ಅವರ ಊರು ಕೃಷ್ಣೆಯ ದಂಡೆಯ ಸತ್ತಿ. ದ್ರಾಕ್ಷಿ ಮತ್ತು ಕಬ್ಬಿನ ಮನೆತನ. ಒಬ್ಬನೇ ಮಗ ಚಿಕ್ಕೋಡಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಇಟ್ಟಿದ್ದ. ಕೆಲವು ತಿಂಗಳ ಹಿಂದೆ ಪುಣೆಯಿಂದ ಈ ಮರಿಯನ್ನು ಕಾಗದಪತ್ರ ಸಮೇತ ತಂದು ಮನೆಯ ತನ್ನ ಖೋಲಿಯಲ್ಲಿ ಸಾಕಿಕೊಂಡಿದ್ದ. ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಬರುವಾಗ, ದೀಪವಿಲ್ಲದೆ ರಸ್ತೆ ಬದಿಗೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅವನ ಬೈಕು ಹೊಡೆಯಿತು. ಅಂದಿನಿಂದ ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ತಂದೆ ಅಲ್ಲಿ ಮಗನ ಬಳಿ ಇದ್ದರು. ತಾಯಿ ಇಲ್ಲಿ ದ್ರಾಕ್ಷಿ ಕೊಯ್ಲು, ಒಣಗಿಸುವ ಶೆಡ್ಡು, ಆಳುಗಳು ಎಲ್ಲವನ್ನೂ ನೋಡಿಕೊಂಡು ಭಾನುವಾರ ಮಾತ್ರ ಬೆಳಗಾವಿಗೆ ಹೋಗಿ ಬರುತ್ತಿದ್ದರು. ಹಾವಿಗೆ ಮಗ ಏನು ಹಾಕುತ್ತಿದ್ದ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅಂಗಡಿಯಿಂದ ಕಾಗದದಲ್ಲಿ ಸುತ್ತಿ ಏನೋ ತರುತ್ತಿದ್ದ, ಬಾಗಿಲು ಹಾಕಿಕೊಂಡು ಉಣಿಸುತ್ತಿದ್ದ. ಮಾಂಸವಿರಲಿ, ಮನೆಯಲ್ಲಿ ತತ್ತಿ ಕೂಡ ತರುವವರಿಲ್ಲ. ಹಾಗಾಗಿ ಯಾರೂ ಕೇಳಿರಲಿಲ್ಲ.

ಹಾವು ಕಚ್ಚಿದ ದನಗಳಿಗೆ ನಾನು ಚಿಕಿತ್ಸೆ ಮಾಡಿದ್ದೇನೆ, ಬದುಕಿಸಿದ್ದಕ್ಕಿಂತ ಹೆಚ್ಚು ಕಳೆದುಕೊಂಡಿದ್ದೇನೆ. ಹಾವಿಗೆ ಚಿಕಿತ್ಸೆ ಮಾಡಿರಲಿಲ್ಲ. ಪುಣೆಯಲ್ಲಿ ಸಾಕುಪ್ರಾಣಿಗಳ ಆಸ್ಪತ್ರೆ ನಡೆಸುವ ನನ್ನ ಸಹಪಾಠಿಯೊಬ್ಬಳಿಗೆ ಫೋಟೊ ಕಳಿಸಿ ಫೋನ್ ಮಾಡಿದೆ. ಇದು ಕಾರ್ನ್ ಸ್ನೇಕ್, ವಿಷವಿಲ್ಲದ್ದು, ಅಮೆರಿಕದ ಕಡೆಯದು, ಪೊರೆ ಬಿಡಲು ತಯಾರಾಗಿದೆ ಎಂದಳು. ಹಳೆ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿಕೊಂಡಾಗ ಕಣ್ಣು ಹೀಗೆ ಮಂಜಾಗುತ್ತದೆ, ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ತಿನ್ನುವುದೂ ಇಲ್ಲ, ತಿನ್ನಿಸಲೂ ಬಾರದು. ಕಣ್ಣು ತಿಳಿಯಾಗಿ, ಪೊರೆ ಬಿಟ್ಟ ಮೇಲೆ ತುಸು ಬಿಡುವು ಕೊಟ್ಟು ಉಣಿಸಬೇಕು. ಊಟವೆಂದರೆ ಇನ್ನೂ ಕೂದಲು ಬಾರದ ಇಲಿಮರಿ. ಹೆಪ್ಪುಗಟ್ಟಿಸಿದ್ದನ್ನು ಕರಗಿಸಿ ಬೆಚ್ಚಗೆ ಮಾಡಿ ಕೊಡಬೇಕು.

ಇಲಿಮರಿ ಎಂದಾಗ ಆ ತಾಯಿ ಮುಖ ಆಚೆ ತಿರುಗಿಸಿದರು. ಈಗಲೇ ಬೇಡವಲ್ಲ ಎಂದು ಕೇಳಿದರು. ಈಗಲೇ ಬೇಡ ಎಂದೆ.

ಮುಚ್ಚಳಕ್ಕೆ ತೂತು ಹಾಕಿದ ಸಣ್ಣ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರು ತುಂಬಿ ಒಳಗಿಡಲು, ನೀರಿನ ಬಟ್ಟಲು ದೊಡ್ಡದು ಮಾಡಲು, ಮುಟ್ಟದೆ ಇರಲು ಹೇಳಿ ಕಳಿಸಿದೆ. ಒಣಹವೆಯ ಲೆಕ್ಕ ನನಗೆ ಸರಿಯಾಗಿ ಸಿಕ್ಕಿರಲಿಲ್ಲ. ದ್ರಾಕ್ಷಿ ಒಣಗಿಸುವ ಕಾಲವದು. ಗಾಳಿಯಲ್ಲಿ ತೇವವಿಲ್ಲದ್ದಕ್ಕೇ ನಮ್ಮ ಕಡೆ ದ್ರಾಕ್ಷಿ ಚೆನ್ನಾಗಿ ಒಣಗುವುದು. ಅದೇ ಗಾಳಿಯಲ್ಲಿ ಹಾವಿನ ಪೊರೆಯೂ ಒಣಗಿತು. ಉದ್ದಕ್ಕೆ ಕಾಲುಚೀಲದಂತೆ ಕಳಚಬೇಕಾದದ್ದು ಚೂರು ಚೂರಾಗಿ ಹರಿದು ಅಂಟಿಕೊಂಡಿದೆ ಎಂದು ಫೋನು ಬಂದಾಗ ಸತ್ತಿಗೆ ಹೋದೆ.

ಅಗಲ ಬಾಯಿಯ ಡಬ್ಬಿಯಲ್ಲಿ ಉಗುರುಬೆಚ್ಚನೆಯ ನೀರು, ಮರಿಯ ಮೈ ಅರ್ಧ ಮುಳುಗುವಷ್ಟು ಮಾತ್ರ. ಅದರಲ್ಲಿ ಬಿಟ್ಟು ಮುಚ್ಚಳ ಹಾಕಿ ಪಕ್ಕದಲ್ಲೇ ಕೂತೆ. ಆಮೇಲೆ ಒದ್ದೆ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಷ್ಟಿಯಲ್ಲಿ ಹಿಡಿದು ಅದರ ನಡುವೆ ಹಾವು ತಾನೇ ಹರಿದುಹೋಗುವಂತೆ ಬಿಟ್ಟೆ. ಬಟ್ಟೆಯ ತಿಕ್ಕಾಟಕ್ಕೆ ಚೂರುಗಳು ಬಿಡುತ್ತಾ ಬಂದವು. ಎಳೆಯಬಾರದು, ಎಳೆದರೆ ಕೆಳಗಿನ ಹಸಿ ಚರ್ಮ ಕಿತ್ತು ಬರುತ್ತದೆ. ಎರಡು ಕಡೆ ಮಾತ್ರ ಬಿಡಲಿಲ್ಲ. ಎಡಗಣ್ಣಿನ ಮೇಲಿನ ಪೊರೆ ಮತ್ತು ಬಾಲದ ತುದಿಯಲ್ಲಿ ಉಂಗುರದಂತೆ ಬಿಗಿದ ಒಂದು ಸುತ್ತು. ಕಣ್ಣಿನದನ್ನು ಮುಟ್ಟಲೇಬಾರದೆಂದು ಸಹಪಾಠಿ ಎಚ್ಚರಿಸಿದ್ದಳು. ಬಾಲದ್ದು ದಿನದಿನಕ್ಕೆ ಬಿಗಿಯಾಗಿ ರಕ್ತ ನಿಲ್ಲಿಸುತ್ತದೆ. ಎಷ್ಟು ನೆನೆಸಿದರೂ ಅದು ಜಗ್ಗಲಿಲ್ಲ.

ಅಷ್ಟೂ ಹೊತ್ತು ಆ ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದರು. ಹಾವೆಂದರೆ ಅವರಿಗೆ ಪಂಚಮಿಯಲ್ಲಿ ಹಾಲೆರೆಯುವ ನಾಗಪ್ಪ, ಇಲ್ಲವೇ ಕಬ್ಬಿನ ಹೊಲದಲ್ಲಿ ಆಳುಗಳು ಬಡಿಯುವ ಹುಳ. ಮನೆಯೊಳಗೆ ಡಬ್ಬಿಯಲ್ಲಿ ಸಾಕುವ ಹಾವನ್ನು ಯಾವುದಕ್ಕೆ ಸೇರಿಸಬೇಕೆಂದು ಅವರಿಗೆ ತಿಳಿದಿರಲಿಲ್ಲ. ಹೊಟ್ಟೆಯ ಕೆಳಗಿನ ಕಪ್ಪು ಬಿಳುಪು ಚೌಕಳಿ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆಯ ಕಾಳಿನಂತೆ ಕಾಣುತ್ತದೆ, ಅದಕ್ಕೇ ಆ ಹೆಸರು ಎಂದು ಮಗ ಹೇಳಿದ್ದನಂತೆ. ತಾಯಿ ಅದನ್ನು ಗೊಂಜಾಳ ಹಾವು ಎನ್ನುತ್ತಿದ್ದರು.

ಹಾವಿನ ಊಟಕ್ಕಾಗಿ ಇಬ್ಬರೂ ಚಿಕ್ಕೋಡಿಗೆ ಹೋದೆವು. ಇಲಿಮರಿಗಳು ಅಂಗಡಿಯ ಸಣ್ಣ ಫ್ರಿಜ್ಜಿನಲ್ಲಿವೆಯೆಂದು ಮಗನ ಗೆಳೆಯನೊಬ್ಬ ಹೇಳಿದ್ದ. ಶಟರ್ ಎತ್ತಿದಾಗ ಬಂದ ವಾಸನೆಗೆ ನಾನೇ ಹಿಂದೆ ಸರಿದೆ. ಅಪಘಾತದ ಸುದ್ದಿ ಕೇಳಿದ ಕೂಡಲೇ ಬಾಡಿಗೆ ಕಟ್ಟಡದ ಮಾಲೀಕರು, ಯಾರೂ ಇಲ್ಲದ ಜಾಗದಲ್ಲಿ ಬೆಂಕಿ ಹತ್ತಬಾರದೆಂದು, ಮೇನ್ ಸ್ವಿಚ್ ಇಳಿಸಿಬಿಟ್ಟಿದ್ದರು. ಗಾಳಿ ಗುಳ್ಳೆ ನಿಂತ ಗಾಜಿನ ತೊಟ್ಟಿಗಳಲ್ಲಿ ಮೀನುಗಳೆಲ್ಲ ಮೇಲೆ ತೇಲಿ, ಬಣ್ಣ ಬಿಟ್ಟು, ಒಂದೇ ಬೂದು ಆಗಿದ್ದವು. ಫ್ರಿಜ್ಜಿನಲ್ಲಿದ್ದದ್ದನ್ನು ನೋಡುವಂತೆಯೂ ಇರಲಿಲ್ಲ.

ತಾಯಿ ಅಳಲಿಲ್ಲ. ಗೋಡೆಗೆ ತೂಗುಹಾಕಿದ್ದ ಜಾಳಿಗೆ ತೆಗೆದುಕೊಂಡು ಒಂದು ತೊಟ್ಟಿಯಿಂದ ಶುರುಮಾಡಿ ಮೀನುಗಳನ್ನು ಬಕೀಟಿಗೆ ತುಂಬತೊಡಗಿದರು. ನಾನು ಇನ್ನೊಂದು ಜಾಳಿಗೆ ತೆಗೆದುಕೊಂಡೆ. ಕೆಲಸ ಮುಗಿಯುವ ಹೊತ್ತಿಗೆ ಅವರ ಸೀರೆಯ ಅಂಚೆಲ್ಲ ತೊಯ್ದಿತ್ತು. ತಾನು ದವಾಖಾನೆ ಎಂದು ಓಡಾಡುವಾಗ ಇವಕ್ಕೂ ಜೀವವಿದೆ ಎಂಬುದು ನೆನಪಾಗಲಿಲ್ಲ ಎಂದಷ್ಟೇ ಹೇಳಿದರು. ಹಾವಿಗಾಗಿ ಅಲ್ಲಿಂದ ಡಬ್ಬಿಯಡಿ ಇಟ್ಟು ಕರೆಂಟಿನಿಂದ ಕಾಯಿಸುವ ಚಾಪೆ, ತಾಪ ನೋಡುವ ಮೀಟರು, ಉದ್ದನೆಯ ಚಿಮಟ ತಂದೆವು. ಖಾಲಿಯಾದ ಫ್ರಿಜ್ಜನ್ನೂ ಟೆಂಪೋದಲ್ಲಿ ಹಾಕಿಸಿದರು.

ಹೊಸ ಇಲಿಮರಿಗಳು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯೊಂದಿಗೆ ಪುಣೆಯಿಂದ ಬಂದವು. ಸಹಪಾಠಿ ಮಿರಜಿನ ಬಸ್ಸಿಗೆ ಹಾಕಿದ್ದಳು, ಅಲ್ಲಿಂದ ಗಾಡಿ ಬದಲಾಗಿ ಕಾಗವಾಡಕ್ಕೆ ಬಂದದ್ದನ್ನು ನಾನೇ ಹೋಗಿ ಇಸಿದುಕೊಂಡೆ. ಮನೆಯೊಳಗೆ ತರುವುದು ಬೇಡವೆಂದು ಆ ಫ್ರಿಜ್ಜನ್ನು ಒಣದ್ರಾಕ್ಷಿ ತುಂಬುವ ಕೋಣೆಯ ಮೂಲೆಯಲ್ಲಿಟ್ಟು ಅದರಲ್ಲಿಟ್ಟೆವು.

ಮೊದಲ ಊಟ ನಾನೇ ಕೊಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕರಗಿಸಿ, ಕೊನೆಗೆ ಬಿಸಿನೀರಲ್ಲಿ ಮುಳುಗಿಸಿ, ಕೈಗೆ ಬೆಚ್ಚಗೆ ತಾಗುವಷ್ಟಾದಾಗ ಒರೆಸಿ, ಚಿಮಟದಲ್ಲಿ ಹಿಡಿದು ತಲೆಯ ಕಡೆಯಿಂದ ಮುಂದೆ ಮಾಡಿದೆ. ಬಹಳ ಹೊತ್ತು ನಾಲಗೆ ಮಾತ್ರ ಆಡಿತು. ಆಮೇಲೆ ಒಮ್ಮೆಲೇ ಕಚ್ಚಿ ಸುತ್ತಿಕೊಂಡಿತು. ದವಡೆಯ ಒಂದು ಬದಿ ಮುಂದೆ, ಇನ್ನೊಂದು ಬದಿ ಮುಂದೆ ಎಂದು ಮೆಲ್ಲಗೆ ನುಂಗಿತು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದವರು ಕೊನೆವರೆಗೂ ಕಣ್ಣು ತೆಗೆಯಲಿಲ್ಲ. ನಂತರ ತಲೆ ಮೇಲೆ ನೀರು ಹಾಕಿಕೊಂಡು ಬಂದು ನನಗೆ ಚಹಾ ಮಾಡಿಕೊಟ್ಟರು.

ಆ ಸಮಾಧಾನ ಉಳಿಯಲಿಲ್ಲ. ಉಂಡ ಹಾವಿನ ಹೊಟ್ಟೆಯ ಕೆಳಗೆ ಬೆಚ್ಚಗಿರಬೇಕು, ಇಲ್ಲದಿದ್ದರೆ ಅನ್ನ ಅರಗದೆ ಕೊಳೆಯುತ್ತದೆ. ಮರುದಿನ ಸಂಜೆ ಸುಳಿಗಾಳಿಗೆ ಕರೆಂಟ್ ಕಂಬ ಬಿತ್ತು, ಬೆಳಗಿನವರೆಗೂ ಚಾಪೆ ತಣ್ಣಗಿತ್ತು. ಬೆಳಿಗ್ಗೆ ಡಬ್ಬಿ ತೆಗೆದಾಗ ಇಲಿಮರಿ ಅರ್ಧ ಕರಗಿ ಹೊರಬಿದ್ದಿತ್ತು. ಹಾವು ನೀರಿನ ಬಟ್ಟಲಿನ ಹಿಂದೆ ಅಂಗಾತವಾದಂತೆ ಬಿದ್ದಿತ್ತು. ಅದೇ ಬೆಳಿಗ್ಗೆ ಬೆಳಗಾವಿಯಿಂದ ಅವರಿಗೆ ಗಂಡನ ಫೋನು. ಮಗನಿಗೆ ಜ್ವರ ಏರಿದೆ, ಶ್ವಾಸಕೋಶಕ್ಕೆ ಸೋಂಕು ತಗಲಿದೆ. ತಾಯಿ ನನಗೆ ಎರಡು ಸುದ್ದಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಯಾವುದು ಯಾರ ಬಗ್ಗೆ ಎಂದು ತಿಳಿಯಲು ನನಗೆ ಕ್ಷಣ ಬೇಕಾಯಿತು.

ಕಕ್ಕಿದ ಹಾವಿಗೆ ಮತ್ತೆ ಕೂಡಲೇ ಉಣಿಸುವಂತಿಲ್ಲ. ಗಂಟಲು ಆಮ್ಲದಿಂದ ಸುಟ್ಟಿರುತ್ತದೆ, ಹೊಟ್ಟೆಯ ರಸ ಖಾಲಿಯಾಗಿರುತ್ತದೆ. ಎರಡನೇ ಸಲವೂ ಕಕ್ಕಿದರೆ ಮರಿಗಳು ಬಹಳ ಮಟ್ಟಿಗೆ ಉಳಿಯುವುದಿಲ್ಲ. ಒಂದೆರಡು ವಾರ ಖಾಲಿ ಬಿಟ್ಟು, ಆಮೇಲೆ ಮೊದಲಿಗಿಂತ ಸಣ್ಣ ತುತ್ತು ಕೊಡಬೇಕು. ಹಸಿದ ಪ್ರಾಣಿಯನ್ನು ಉಪವಾಸವಿಡುವುದೇ ಚಿಕಿತ್ಸೆ ಎಂದು ಒಬ್ಬ ತಾಯಿಗೆ ಹೇಳುವುದು ನನಗೆ ಕಷ್ಟವಾಯಿತು. ಅವರು ಬೆಳಗಾವಿಯ ಬಸ್ಸು ಹಿಡಿದರು.

ವಾರಕ್ಕೊಮ್ಮೆ ನಾನು ಹೋಗಿ ತೂಗುತ್ತಿದ್ದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ. ಬೆನ್ನುಮೂಳೆ ಛಾವಣಿಯ ನೆತ್ತಿಯಂತೆ ಎದ್ದು, ಎರಡೂ ಬದಿಗೆ ಚರ್ಮ ಇಳಿಬಿದ್ದಿತ್ತು. ಬಾಲದ ತುದಿ ಕಪ್ಪಾಗತೊಡಗಿತ್ತು. ಗಡುವು ಮುಗಿದ ಮೇಲೆ ಸಣ್ಣ ಇಲಿಮರಿಯೊಂದನ್ನು ಆರಿಸಿ ಕೊಟ್ಟರೆ ಮುಖ ತಿರುಗಿಸಿತು. ಮತ್ತೆ ಕೊಟ್ಟಾಗಲೂ ಅಷ್ಟೇ.

ಅಂಥ ಒಂದು ಮಧ್ಯಾಹ್ನ ಅವರ ಗಂಡನ ಅಣ್ಣ ಖೋಲಿಯ ಬಾಗಿಲಿಗೆ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ. ಬೆಳಗಾವಿಯ ಆಸ್ಪತ್ರೆಗೆ ವಾರಕ್ಕೆರಡು ಸಲ ಊಟ ಕಟ್ಟಿಸಿಕೊಂಡು ಹೋಗುತ್ತಿದ್ದವರು ಅವರೇ.

"ಇದು ಮನಿಗೆ ಬಂದಮ್ಯಾಲೇ ಹಿಂಗಾತು," ಎಂದರು. "ಹೊಳಿ ದಂಡಿಗೆ ಒಯ್ದ ಬಿಟ್ಟಬರ್ತೀನಿ ಕೊಡವಾ."

"ಎದ್ದಕೂಡ್ಲೆ ಮೊದಲ ಇದನ್ನ ಕೇಳ್ತಾನ್ರಿ ಭಾವಾರ," ಎಂದರು ತಾಯಿ, ತಲೆ ಎತ್ತದೆ. "ಆವಾಗ ನಾ ಏನ ಹೇಳ್ಲಿ?"

ಈ ಪರದೇಶದ ಹಾವನ್ನು ಹೊಳೆದಂಡೆಗೆ ಬಿಡುವಂತಿಲ್ಲ, ಬಿಟ್ಟರೂ ಒಂದು ದಿನ ಬದುಕದು ಎಂದು ನಾನು ಹೇಳಿದೆ. ಆ ಹಿರಿಯರು ನನ್ನನ್ನು ನೋಡಿ, ಇಲ್ಲಿ ಎಷ್ಟು ದಿನ ಬದುಕುತ್ತದೆ ಎಂದು ಕೇಳಿದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಆ ವಾರವೇ ಹಾವಿನ ಮೈ ಮತ್ತೆ ಮಂಕಾಯಿತು. ಕಣ್ಣು ಹಾಲಾಯಿತು. ಮರಿಗಳು ಬೇಗ ಬೇಗ ಪೊರೆ ಬಿಡುತ್ತವೆಂದು ಗೊತ್ತಿದ್ದರೂ, ಒಂದು ತುತ್ತೂ ನಿಲ್ಲದ ಮೈಗೆ ಇನ್ನೊಂದು ಪೊರೆ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು ಎಂದು ನನಗೆ ದಿಗಿಲಾಯಿತು. ಸಹಪಾಠಿಯೂ ಗಟ್ಟಿಯಾಗಿ ಏನೂ ಹೇಳಲಿಲ್ಲ. ಈಗ ಉಣಿಸಿದರೆ ಕಕ್ಕಬಹುದು, ಕಾದರೆ ಪೊರೆ ಬಿಡುವ ಮೊದಲೇ ಸಾಯಬಹುದು. ಬಾಯಿ ತೆರೆದು ಉಣಿಸುವ ವಿಧಾನ ಹೇಳಿಕೊಟ್ಟು, ನಿರ್ಧಾರ ನಿನ್ನದು ಎಂದಳು.

ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕತ್ತರಿಸಿ ಅಂಚನ್ನು ಉಜ್ಜಿ ನುಣುಪಾಗಿಸಿಕೊಂಡು ಹೋದೆ. ಅದನ್ನು ತುಟಿಯ ಸಂದಿಗೆ ತಾಗಿಸಿ ಮೆಲ್ಲಗೆ ಬಾಯಿ ತೆರೆಸಿ, ಇಲಿಮರಿಯ ಮೂತಿಯನ್ನು ಹಲ್ಲಿಗೆ ಸಿಕ್ಕಿಸಿ ಬಿಡಬೇಕು. ಹಾಗೂ ನುಂಗದಿದ್ದರೆ ಸಣ್ಣ ನಳಿಗೆಯಿಂದ ನೇರ ಹೊಟ್ಟೆಗೆ. ಇಷ್ಟನ್ನೂ ಅವರಿಗೆ ವಿವರಿಸಿದೆ, ಯಾಕೆಂದರೆ ಒಬ್ಬರು ಮೈ ಹಿಡಿದುಕೊಳ್ಳಬೇಕಿತ್ತು. ಅವರು ಕೈ ತೊಳೆದುಕೊಂಡು ಬಂದು ಕೂತರು. ನಾನು ಪಟ್ಟಿಯನ್ನು ತೆಗೆದದ್ದನ್ನು ನೋಡಿದರು.

"ಅಂವಗ ಮೂಗಿನ್ಯಾಗ ನಳಿಗಿ ಹಾಕಿ ಉಣಸಾಕತ್ತಾರ್ರಿ. ಗಂಟಲದಾಗೂ ತೂತ ಕೊರದಾರ. ಎಲ್ಲಾ ನೋಡೀನಿ," ಎಂದರು. ಪಟ್ಟಿಗೆ ಅಂಗೈ ಅಡ್ಡ ಹಿಡಿದು, "ಇದರ ಬಾಯಿ ಒತ್ತಿ ತೆಗಿಸೂದು ಬ್ಯಾಡ್ರಿ ಬಾಯಾರ. ಸತ್ರ ಸಾಯ್ಲಿ."

ಅವರ ಮಾತಿಗೆ ಮಾತ್ರ ಮಣಿದೆ ಎಂದರೆ ಸುಳ್ಳಾಗುತ್ತದೆ. ಕೈಯಲ್ಲಿದ್ದ ಜೀವದ ತೂಕ ನನಗೆ ಗೊತ್ತಾಗುತ್ತಿತ್ತು, ಅಂದರೆ ತೂಕವೇ ಇರಲಿಲ್ಲ. ಕಣ್ಣು ಕಾಣದ, ಚರ್ಮ ಸಡಿಲವಾದ, ಗಂಟಲು ಮಾಯದ ಮರಿಯನ್ನು ಹಿಡಿದು ಅಮುಕಿದರೆ ಆ ಗಾಬರಿಗೇ ಅದು ಹೋಗಬಹುದು. ಪಟ್ಟಿಯನ್ನು ಚೀಲಕ್ಕೆ ಹಾಕಿದೆ. ಏನೂ ಉಣಿಸದೆ ಕಾಯುವುದೆಂದು ತೀರ್ಮಾನಿಸಿದೆವು.

ಕಾಯುವುದಕ್ಕೂ ಕೆಲಸ ಬಹಳ. ತಗಡಿನ ಮಾಡಿನ ಖೋಲಿಯಿಂದ ಡಬ್ಬಿಯನ್ನು ಮಣ್ಣುಗೋಡೆಯ ಕಾಳಿನ ಕೋಣೆಗೆ ಸಾಗಿಸಿದೆವು. ಸುತ್ತ ಒದ್ದೆ ಗೋಣಿಚೀಲ ತೂಗುಹಾಕಿದೆವು. ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ಒಂದು ಬದಿಗೆ ಒತ್ತಿ ಇಡುವುದು, ಇನ್ನೊಂದು ಬದಿ ತಂಪಾಗಿಯೇ ಇರಬೇಕು. ನಾರು ಒದ್ದೆಯಿರಬೇಕು, ನೀರು ಸೋರಬಾರದು. ಕೊಯ್ಲಿನ ಆಳುಗಳಿಗೆ ಚಹಾ ಕೊಡಲು ಬಂದಾಗಲೆಲ್ಲ ಅವರು ಒಳಗೆ ಹೋಗಿ ಗೋಣಿಗೆ ನೀರು ಚಿಮುಕಿಸಿ ಬರುತ್ತಿದ್ದರು. ಇದೂ ಹೋಗುತ್ತದೆಯೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ನಾನು ಮಾತ್ರ ಸತ್ತಿಯಿಂದ ಫೋನು ಬಂದಾಗಲೆಲ್ಲ ಎತ್ತುವ ಮುಂಚೆ ತಡೆಯುತ್ತಿದ್ದೆ. ಹಾವು ಉಳಿಯುತ್ತದೆಂಬ ನಂಬಿಕೆ ನನಗಿರಲಿಲ್ಲ. ಸಾಯುವುದಾದರೆ ಭಾನುವಾರ, ಅವರು ಬೆಳಗಾವಿಯಲ್ಲಿದ್ದಾಗ ಸಾಯಲಿ ಎಂದು ಕೂಡ ಅಂದುಕೊಂಡಿದ್ದುಂಟು.

ಕಣ್ಣು ತಿಳಿಯಾಯಿತು. ಅದಾದ ಕೆಲವು ದಿನಗಳಿಗೆ ಒದ್ದೆ ಡಬ್ಬಿಯೊಳಗೆ ಪೊರೆ ಕಳಚಿ ಬಿದ್ದಿತ್ತು. ಮೂತಿಯಿಂದ ಬಾಲದವರೆಗೆ ಅಖಂಡವಾಗಿ, ಒಳಹೊರಗಾಗಿ. ನೀರಲ್ಲಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಕಣ್ಣಿನ ಮುಚ್ಚಳಗಳಿದ್ದವು, ಎಡಗಡೆಯದು ದಪ್ಪ, ಹಳೆಯದೂ ಸೇರಿ ಬಂದಿತ್ತು. ಬಾಲದ ಕಪ್ಪಾದ ತುದಿ ಪೊರೆಯೊಳಗೇ ಉಳಿದು ಬೇರ್ಪಟ್ಟಿತ್ತು. ಗಾಯ ಒಣಗಿತ್ತು.

ತುಸು ದಿನ ಬಿಟ್ಟು, ಪೆಟ್ಟಿಗೆಯಲ್ಲೇ ಅತಿ ಸಣ್ಣದಾಗಿದ್ದ ಇಲಿಮರಿಯನ್ನು ಬೆಚ್ಚಗೆ ಮಾಡಿದೆವು. ಈ ಸಲ ಚಿಮಟ ಅವರ ಕೈಯಲ್ಲಿತ್ತು. ಹಾವು ಮುಟ್ಟಲಿಲ್ಲ. ನಾನು ಹೇಳಿದಂತೆ ಹಾವನ್ನೂ ಇಲಿಮರಿಯನ್ನೂ ಒಂದು ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಿ, ಮೇಲೆ ಕಪ್ಪು ಬಟ್ಟೆ ಹೊದಿಸಿ ಹೊರಗಿನ ಕಟ್ಟೆಗೆ ಬಂದು ಕೂತೆವು. ಮಗ ಹುಟ್ಟಿದಾಗ ಎದೆಹಾಲು ಹಿಡಿಯದೆ ಅಳುತ್ತಿದ್ದದ್ದನ್ನು, ರಾಯಬಾಗದ ತವರಿನಲ್ಲಿ ತಮ್ಮ ತಾಯಿ ಹತ್ತಿಯ ಬತ್ತಿಯಿಂದ ಆಕಳ ಹಾಲು ಹನಿಸಿದ್ದನ್ನು ಅವರು ಹೇಳಿದರು. ನಾವು ಒಳಗೆ ಹೋಗಿ ಬಟ್ಟೆ ತೆಗೆದಾಗ ಹಾವಷ್ಟೇ ಇತ್ತು, ಅದರ ನಡುವಿನಲ್ಲಿ ಒಂದು ಸಣ್ಣ ಗಂಟು.

ಅವರೂ ನಾನೂ ಸಂತೋಷಪಡಲಿಲ್ಲ. ಗಂಟು ಇಳಿಯಬೇಕು, ಹೊರಬರಬಾರದು. ಕೆಲವು ದಿನಗಳ ನಂತರ ನಮ್ಮ ಪಶು ಆಸ್ಪತ್ರೆಗೆ ಅವರ ಫೋನು ಬಂತು. ಹಾವು ಹಿಕ್ಕೆ ಹಾಕಿದೆ, ಉಂಡದ್ದು ಅರಗಿದೆ. ಅದೇ ವಾರ ಮಗ ಕಣ್ಣು ತೆರೆದ ಸುದ್ದಿಯೂ ಬಂತು.

ಅವನನ್ನು ಮನೆಗೆ ಕರೆತಂದಾಗ ಮಳೆಗಾಲ ಹತ್ತಿರವಾಗಿತ್ತು. ನಾನು ಹೋದಾಗ ಪಡಸಾಲೆಯಲ್ಲಿ ಕೈಕುರ್ಚಿಗೆ ದಿಂಬು ಒತ್ತಿ ಕೂರಿಸಿದ್ದರು. ತಲೆಯ ಒಂದು ಬದಿ ತಗ್ಗಾಗಿತ್ತು, ಅಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ತಂದೆ ಪಕ್ಕದಲ್ಲಿ ನಿಂತಿದ್ದರು. ತಾಯಿ ಒಳಗಿನಿಂದ ಡಬ್ಬಿ ತಂದು, ಮುಚ್ಚಳ ತೆಗೆದು, ಅವನಿಗೆ ಕಾಣುವಂತೆ ಹಿಡಿದರು. ಹಾವು ಆಗ ಬೆರಳಿನ ದಪ್ಪವಾಗಿತ್ತು, ಬಣ್ಣ ಬೆಂಕಿಯಂತೆ ಕೆಂಪೇರಿತ್ತು. ಅವನು ಬಹಳ ಹೊತ್ತು ನೋಡಿದ.

"ಹಾವ," ಎಂದ, ನಾಲಗೆ ಎಳೆದು. "ಯಾರ್ದ ಇದು?"

ಹಾವು ಡಬ್ಬಿಯ ಅಂಚಿಗೆ ತಲೆ ಎತ್ತಿತು. ಅವನು ಎಡಗೈಯಿಂದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಸರಿಯಲು ನೋಡಿದ, ಮೈ ಸರಿಯಲಿಲ್ಲ, ಗಂಟಲಿನಿಂದ ಒಂದು ದನಿ ಬಂತು. ತಾಯಿ ಕೂಡಲೇ ಮುಚ್ಚಳ ಹಾಕಿ ಒಳಗೆ ಹೋದರು.

ನಾನು ಅವರ ಹಿಂದೆ ಕಾಳಿನ ಕೋಣೆಗೆ ಹೋದೆ. ಪುಣೆಯ ನನ್ನ ಸಹಪಾಠಿ ಈ ಹಾವನ್ನು ಇಟ್ಟುಕೊಳ್ಳಲು ಒಪ್ಪಿದ್ದಾಳೆ, ಈಗ ಅದು ಪ್ರಯಾಣ ತಡೆಯುವಷ್ಟು ಗಟ್ಟಿಯಾಗಿದೆ ಎಂದೆ. ಅವರು ಡಬ್ಬಿಯನ್ನು ಚಾಪೆಯ ಮೇಲೆ ಸರಿಯಾಗಿ ಕೂರಿಸಿ, ಮೀಟರು ನೋಡಿದರು.

"ಅಂವಗ ನನ್ನ ಗುರ್ತೂ ಹತ್ತಿಲ್ರಿ ಬಾಯಾರ. ನರ್ಸ್‌ಬಾಯಿ ಅಂತಾನ," ಎಂದರು. "ಹಂಗಂತ ಅಂವನ್ನ ಯಾರಿಗರ ಕೊಡಾಕ ಬರತೈತೇನ್ರಿ?"

ಅಂದು ಹಾವಿಗೆ ಉಣಿಸುವ ದಿನವಾಗಿತ್ತು. ಪಡಸಾಲೆಗೆ ಕಾಣದಂತೆ ಬಾಗಿಲು ಮುಂದಕ್ಕೆಳೆದು, ಬೆಚ್ಚಗಾಗಿದ್ದ ಇಲಿಮರಿಯನ್ನು ಒರೆಸಿ ಚಿಮಟದಲ್ಲಿ ಹಿಡಿದರು. ಹಾವು ತಡಮಾಡದೆ ತೆಗೆದುಕೊಂಡಿತು. ಅವರು ಹಿತ್ತಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದು, ನುಚ್ಚಿನ ಗಂಜಿಯ ಬಟ್ಟಲು ಹಿಡಿದು ಮಗನ ಎದುರಿಗೆ ಕೂತರು. ಒಂದು ಸಲಕ್ಕೆ ಅರ್ಧ ಚಮಚ, ಅದು ಇಳಿದ ಮೇಲೆಯೇ ಇನ್ನೊಂದು ಎಂದು ಬೆಳಗಾವಿಯಲ್ಲಿ ಹೇಳಿ ಕಳಿಸಿದ್ದರು. ತುತ್ತು ಬಾಯಿಗಿಟ್ಟು, ಚಮಚ ಕೆಳಗಿಳಿಸಿ, ಅವನ ಗಂಟಲನ್ನೇ ನೋಡುತ್ತ ಕೂತರು.

"ನುಂಗಪ್ಪಾ," ಎಂದರು.